ಏರಿಯಾ ಸೇಫಾ? ಅಡ್ವಾನ್ಸ್ ಕೊಡುವ ಮೊದಲು ಹೀಗೆ ನೋಡಿಕೊಳ್ಳಿ

ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ನನ್ನ ತಂಗಿ ಕಂಡಕಂಡವರನ್ನೆಲ್ಲಾ ಒಂದೇ ಮಾತು ಕೇಳುತ್ತಿದ್ದಳು: ‘ಏರಿಯಾ ಹೆಂಗೈತ್ರೀ?’ ಉತ್ತರವೂ ಒಂದೇ. ‘ಏ, ಏನೂ ತೊಂದ್ರೆ ಇಲ್ಲ ಬಿಡ್ರಿ, ಆರಾಮಾಗಿರ್ಬೋದು.’ ಬ್ರೋಕರ್ ಹೇಳಿದ್ದೂ ಅದೇ, ಓನರ್ ಹೇಳಿದ್ದೂ ಅದೇ. ಮನೆ ಖಾಲಿ ಬಿದ್ದಿರುವುದು ಇಬ್ಬರಿಗೂ ಬೇಡ, ಅಲ್ವಾ? ಕೊನೆಗೆ ನಾವೇ ನೋಡೋಣ ಅಂತ ಹೊರಟೆವು. ಎರಡು ವಾರ ಹಿಡಿಯಿತು.

ಮೊದಲು ಠಾಣೆ ಯಾವುದು ತಿಳಿಯಿರಿ

ವಿದ್ಯಾನಗರ, ಕೆ.ಟಿ.ಜೆ. ನಗರ, ಬಡಾವಣೆ, ಬಸವನಗರ, ಆಜಾದ್ ನಗರ, ಗಾಂಧಿನಗರ... ಊರಲ್ಲಿ ಠಾಣೆಗಳು ಇಷ್ಟಿವೆ, ಇನ್ನೂ ಇವೆ. ಏರಿಯಾದ ಹೆಸರು ನೋಡಿ ಠಾಣೆ ಊಹಿಸಬೇಡಿ, ಪಕ್ಕದ ಮನೆಯವರನ್ನು ಕೇಳಿ. ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕುವ ಜಾಗವೂ ಇದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓದುವಾಗ ಸೆಕ್ಷನ್ ನಂಬರ್ ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) 379, 380 ಈಗಿಲ್ಲ. ಕಳ್ಳತನಕ್ಕೆ 303, ಸರ ಕಿತ್ತುಕೊಂಡು ಹೋಗುವುದಕ್ಕೆ 304, ಮನೆಯೊಳಗಿನ ಕಳವಿಗೆ 305, ಬೀಗ ಒಡೆದು ನುಗ್ಗಿದ್ದಕ್ಕೆ 331. ಈ ನಾಲ್ಕು ನೆನಪಿದ್ದರೆ ಸಾಕು.

ಅಂಕಿಸಂಖ್ಯೆ ನೋಡಿ, ಆದರೆ ಅದಕ್ಕೇ ಜೋತು ಬೀಳಬೇಡಿ

ಅಪರಾಧ ದರ ಅಂದರೆ ಒಂದು ಲಕ್ಷ ಜನಕ್ಕೆ ಎಷ್ಟು ಕೇಸು ದಾಖಲಾಯಿತು ಅನ್ನುವ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದ ದರ 422.2. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ದೊಡ್ಡದೊಂದನ್ನೇ ಅವರು ಎಣಿಸುವುದು. ದೂರು ಕೊಡದೆ ಸುಮ್ನೆ ಕೂತವರಂತೂ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ನಿಮ್ಮ ಬೀದಿಗೆ ಈ ನಂಬರಿನಿಂದ ಏನು ಉಪಯೋಗ? ಜಾಸ್ತಿ ಏನಿಲ್ಲ. ಹತ್ತು ಸಾವಿರ ಜನರ ಬಡಾವಣೆಯಲ್ಲಿ ವರ್ಷಕ್ಕೆ ಆರು ಕಳವು ಆಯಿತು ಅಂದುಕೊಳ್ಳಿ, ದರ 60. ಹೊರಗಿನಿಂದ ಬಂದ ಒಂದು ಗ್ಯಾಂಗ್ ಒಂದೇ ರಾತ್ರಿ ಇನ್ನೂ ಆರು ಬೀಗ ಮುರಿದರೆ ಅದೇ 120. ಏರಿಯಾ ಒಂದು ರಾತ್ರಿಯಲ್ಲಿ ಕೆಟ್ಟುಹೋಯಿತಾ? ಇನ್ನೊಂದು ವಿಷಯ. ಬಸ್ ಸ್ಟ್ಯಾಂಡೋ ಮಾರ್ಕೆಟ್ಟೋ ಇರುವ ಠಾಣೆಯಲ್ಲಿ ಕೇಸು ಜಾಸ್ತಿ ಇದ್ದೇ ಇರುತ್ತದೆ. ಹಳ್ಳಿಯಿಂದ ಬಂದವರ ಜೇಬು ಅಲ್ಲಿ ಕತ್ತರಿಸಿದರೂ ಕೇಸು ಅದೇ ಠಾಣೆಗೆ ಸೇರುತ್ತದೆ. ಮಂಡಿಪೇಟೆ, ಚೌಕಿಪೇಟೆ ಕಡೆ ಮನೆ ಇರುವವರನ್ನು ಇದಕ್ಕೇ ಹೆದರಿಸುವುದು ಅನ್ಯಾಯ. ಹಳೇ ಊರಿನ ಓಣಿಗಳಲ್ಲಿ ರಾತ್ರಿ ಹನ್ನೊಂದಕ್ಕೂ ಯಾರಾದರೊಬ್ಬರು ಬಾಗಿಲಲ್ಲಿ ಕೂತಿರುತ್ತಾರೆ.

ಬೀದಿಗೆ ಮೂರು ಸಲ ಹೋಗಿ

ಇದೇ ಮುಖ್ಯ, ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ಭಾನುವಾರ ಬೆಳಗ್ಗೆ ಹತ್ತಕ್ಕೆ ಮನೆ ನೋಡಿ, ಬೆಣ್ಣೆದೋಸೆ ತಿಂದು, ಅಡ್ವಾನ್ಸ್ ಕೊಟ್ಟು ಬರುತ್ತಾರೆ.

ಒಂದು ಸಲ ಮಧ್ಯಾಹ್ನ ಮೂರಕ್ಕೆ ಹೋಗಿ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿರುತ್ತಾರೆ, ಮನೆಯಲ್ಲಿದ್ದವರು ಮಲಗಿರುತ್ತಾರೆ. ಬೀದಿ ಎಷ್ಟು ಖಾಲಿ ಇರುತ್ತದೆ ಅಂತ ಆಗ ಗೊತ್ತಾಗುತ್ತದೆ. ಇನ್ನೊಮ್ಮೆ ರಾತ್ರಿ ಒಂಬತ್ತೂವರೆಗೆ ಹೋಗಿ, ದೀಪದ ಕಂಬ ಎಣಿಸಿ. ನಾವು ನೋಡಿದ ಒಂದು ಹೊಸ ಲೇಔಟಿನಲ್ಲಿ ಹನ್ನೊಂದು ಕಂಬ, ಉರಿಯುತ್ತಿದ್ದದ್ದು ನಾಲ್ಕು. ಎರಡು ಮನೆಗೊಂದು ಖಾಲಿ ಸೈಟು, ಅದರ ತುಂಬಾ ಆಳೆತ್ತರದ ಪಾರ್ಥೇನಿಯಂ. ಮೂರನೆಯದು ಬೆಳಗಿನ ಜಾವ ಐದೂವರೆ. ಹೆಂಗಸರು ಒಬ್ಬೊಬ್ಬರೇ ವಾಕಿಂಗ್ ಬರುತ್ತಾರಾ, ಇಲ್ಲ ನಾಲ್ಕೈದು ಜನ ಗುಂಪಾಗಿಯೇ ಬರುತ್ತಾರಾ, ಬಂದವರು ಸರವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಾರಾ, ಇದನ್ನು ನೋಡಿದರೆ ನೀವು ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಕೇಳುವುದೇ ಆದರೆ ಇಸ್ತ್ರಿ ಅಂಗಡಿಯವರನ್ನು, ಹಾಲು ಹಾಕುವವರನ್ನು ಕೇಳಿ. ‘ಸೇಫಾ?’ ಅನ್ನಬೇಡಿ. ‘ಅಣ್ಣಾ, ರಾತ್ರಿ ಬೈಕ್ ಹೊರಗೆ ನಿಲ್ಲಿಸ್ಬೋದಾ?’ ಅನ್ನಿ. ಒಬ್ಬರು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಕ್ಕರು. ‘ನಿಲ್ಲಿಸ್ರಿ, ಬೆಳಿಗ್ಗೆ ಬೈಕ್ ಇರ್ತೈತಿ. ಪೆಟ್ರೋಲ್ ಇರಲ್ಲ.’

ಮನೆ ಒಳಗೆ ಹೋದಾಗ

ಟೈಲ್ಸ್ ಆಮೇಲೆ ನೋಡಿ, ಮೊದಲು ಚಿಲಕ ನೋಡಿ. ಕೆಲವು ವರ್ಷದ ಹಿಂದೆ ನಾವು ಹರಿಹರಕ್ಕೆ ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದಾಗ ಬಾಗಿಲು ತೆರೆದಿತ್ತು. ಬೀಗ ಗಟ್ಟಿಯಾಗೇ ಇತ್ತು. ಚಿಲಕದ ಕೊಂಡಿ ಮಾತ್ರ ಚೌಕಟ್ಟಿನಿಂದ ಕಿತ್ತು ಬಂದು, ಬೀಗ ಅದರಲ್ಲೇ ನೇತಾಡುತ್ತಿತ್ತು. ಒಳ್ಳೇ ದುಡ್ಡು ಕೊಟ್ಟು ತಂದ ಬೀಗ, ಅರ್ಧ ಇಂಚಿನ ಸ್ಕ್ರೂ! ಬಾಗಿಲಲ್ಲಿ ಎರಡು ದಿನದ ಹಾಲಿನ ಪ್ಯಾಕೆಟ್, ಪೇಪರ್ ಬಿದ್ದಿದ್ದವು. ರಂಗೋಲಿ ಇರಲಿಲ್ಲ. ಮನೆಯಲ್ಲಿ ಯಾರೂ ಇಲ್ಲ ಅಂತ ನಾವೇ ಬೋರ್ಡ್ ಹಾಕಿ ಹೋದ ಹಾಗಿತ್ತು.

ಅವತ್ತಿಂದ ಊರಿಗೆ ಹೊರಟರೆ ಪೇಪರ್, ಹಾಲು ನಿಲ್ಲಿಸುತ್ತೇವೆ, ಬಾಗಿಲಿಗೆ ನೀರು ಹಾಕಿ ಎರಡು ಎಳೆ ಎಳೆಯಲು ಎದುರುಮನೆಯವರಿಗೆ ಹೇಳುತ್ತೇವೆ, ಒಡವೆ ಲಾಕರಿಗೆ. ಠಾಣೆಗೂ ತಿಳಿಸುತ್ತೇವೆ, ಬೀಟ್ ಪೊಲೀಸರು ರಾತ್ರಿ ಆ ಕಡೆ ಬಂದಾಗ ಒಂದು ಕಣ್ಣು ಇಟ್ಟಿರುತ್ತಾರೆ. ಕ್ಯಾಮೆರಾ ಇದ್ದರೆ ಅದರ ಗಡಿಯಾರ ಸರಿ ಇದೆಯಾ, ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ನೋಡಿ. ಮಹಡಿ ಬಾಗಿಲು, ಹಿಂದಿನ ಬಚ್ಚಲ ಬಾಗಿಲು ಮರೆಯಬೇಡಿ.

ಅಷ್ಟಾದರೂ ಕಳವಾದರೆ

ಏನನ್ನೂ ಮುಟ್ಟದೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಬೀರು ಚೆಲ್ಲಾಪಿಲ್ಲಿಯಾಗಿದ್ದರೂ ಜೋಡಿಸಲು ಹೋಗಬೇಡಿ, ಬೆರಳಚ್ಚು ಹೋಗುತ್ತದೆ. ನಮ್ಮ ಅತ್ತೆ ಇದನ್ನೇ ಮಾಡಿದ್ದರು, ಪಾಪ. ‘ಇದು ನಮ್ಮ ಲಿಮಿಟ್ಟಲ್ಲ’ ಅಂತ ಯಾರಾದರೂ ವಾಪಸ್ ಕಳಿಸಿದರೆ ಝೀರೋ ಎಫ್‌ಐಆರ್ ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ಆಗಿರಲಿ, ದೂರು ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು.

ತಂಗಿ ಕೊನೆಗೆ ಹಿಡಿದದ್ದು ಆ ಇಸ್ತ್ರಿ ಅಂಗಡಿಯ ಎದುರಿನ ಮನೆಯನ್ನೇ. ಬೈಕ್ ಒಳಗೆ ನಿಲ್ಲಿಸಲು ಜಾಗವಿದೆ. ಸಾಮಾನು ಇಳಿಸುವ ಮೊದಲೇ ಬಡಗಿಯನ್ನು ಕರೆಸಿ ಚಿಲಕಕ್ಕೆ ಎರಡು ಇಂಚಿನ ಸ್ಕ್ರೂ ಹಾಕಿಸಿದೆವು. ಖರ್ಚು ಬಾಡಿಗೆಯಲ್ಲಿ ಹಿಡ್ಕೊಳ್ರಿ ಅಂದಿದ್ದ ಓನರ್ ಈಗ ಆ ಮಾತೇ ಎತ್ತುತ್ತಿಲ್ಲ.