ತೊಗರಿ ನಾಡಿನಲ್ಲಿ ರೇಷ್ಮೆ: ಮೊದಲು ದಿನ ಎಣಿಸಿ, ಆಮೇಲೆ ಮೊಟ್ಟೆ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ದೊಡ್ಡ ರೇಷ್ಮೆ ಹುಳುವಿಗೆ ಬೇಕಾದದ್ದು 24–25 ಡಿಗ್ರಿ. ಹಾಗಾದರೆ ಇಲ್ಲಿ ರೇಷ್ಮೆ ಆಗುವುದೇ ಇಲ್ವಾ? ಆಗುತ್ತದೆ. ರಾಮನಗರದವರ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅಷ್ಟೇ.

ಮೊದಲು ಸೊಪ್ಪು. ಮುಂಗಾರು ಶುರುವಾದಾಗ ಹಿಪ್ಪುನೇರಳೆ ಸಸಿ ನೆಡಿ. ನೀರಾವರಿ ಇದ್ದರೆ ವಿ-1 ತಳಿ ಒಳ್ಳೆಯದು. ನಮ್ಮದು ಎರೆ ಭೂಮಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಹಾಗಾಗಿ ಬಸಿಗಾಲುವೆ ತೆಗೆಯಿರಿ, ನೀರನ್ನು ಹನಿಯಲ್ಲೇ ಕೊಡಿ. ಸುಮಾರು ಆರು ತಿಂಗಳಿಗೆ ಮೊದಲ ಸೊಪ್ಪು ಸಿಗುತ್ತದೆ.

ಬಾಜು ಹೊಲದವರನ್ನು ಮಾತಾಡಿಸಿ

ಹುಳು ಸಾಕುವ ಪಾಠದಲ್ಲಿ ಇದೆಲ್ಲಿಂದ ಬಂತು ಅನ್ನಬೇಡಿ. ಈ ಸೀಮೆಯಲ್ಲಿ ಇದೇ ದೊಡ್ಡ ಹೆಜ್ಜೆ. ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಎಲ್ಲರೂ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಕಾಯಿಕೊರಕವೂ ಹುಳು, ರೇಷ್ಮೆಯೂ ಹುಳು. ಎಣ್ಣಿಗೆ ಎರಡರ ಫರಕು ಗೊತ್ತಾಗುವುದಿಲ್ಲ. ಅದರಲ್ಲೂ ಕ್ಲೋರಾಂಟ್ರಾನಿಲಿಪ್ರೋಲ್ ಇರುವ ಔಷಧ ರೇಷ್ಮೆಗೆ ಕಡು ವಿಷ. ವಾರಗಟ್ಟಲೆ ಎಲೆಯಲ್ಲೇ ಉಳಿಯುತ್ತದೆ.

ನಮ್ಮದೇ ಒಂದು ಬೆಳೆ ನವೆಂಬರಿನಲ್ಲಿ ಹೀಗೆ ಹೋಯಿತು. ಪಕ್ಕದಲ್ಲಿ ಎಣ್ಣಿ ಹೊಡೆದಿದ್ದರು, ಗಾಳಿ ನಮ್ಮ ಕಡೆಗಿತ್ತು. ಮರುದಿನ ಆ ಸೊಪ್ಪು ತಿಂದ ಹುಳುಗಳು ತಲೆ ಅತ್ತಿತ್ತ ಆಡಿಸಿದವು, ಹಸಿರು ನೀರು ಕಾರಿದವು. ಸಂಜೆಗೆ ಗುಡಿಸಿ ಹಾಕುವುದೊಂದೇ ಕೆಲಸ ಉಳಿಯಿತು. ಪಕ್ಕದವರನ್ನು ಬೈದು ಏನು ಮಾಡುವುದು? ಹುಳು ಮನೆಯಲ್ಲಿದೆ ಅಂತ ನಾವು ಅವರಿಗೆ ಹೇಳಿಯೇ ಇರಲಿಲ್ಲ.

ಈಗ ಹೀಗೆ ಮಾಡುತ್ತೇವೆ. ಎಣ್ಣಿ ಹೊಡೆಯುವ ದಿನವನ್ನು ಮೊದಲೇ ಕೇಳಿಕೊಳ್ಳುತ್ತೇವೆ. ಬದುವಿನ ಮೇಲೆ ಎತ್ತರಕ್ಕೆ ಬೆಳೆಯುವ ನೇಪಿಯರ್ ಹುಲ್ಲು ಹಾಕಿದ್ದೇವೆ. ಬದುವಿನ ಅಂಚಿನ ಸಾಲುಗಳ ಸೊಪ್ಪನ್ನು ಆ ದಿನಗಳಲ್ಲಿ ಮುಟ್ಟುವುದಿಲ್ಲ. ಅನುಮಾನ ಬಂದರೆ ಹಿಡಿಯಷ್ಟು ಹುಳುವಿಗೆ ಮಾತ್ರ ಆ ಸೊಪ್ಪು ಹಾಕಿ ಒಂದು ದಿನ ಕಾಯುತ್ತೇವೆ.

ಮನೆ, ಚಾಕಿ, ಜ್ವರ

ಹುಳು ಸಾಕುವ ಮನೆ ವಾಸದ ಮನೆಯಿಂದ ಬೇರೆ ಇರಲಿ. ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ತಟ್ಟು ಕಟ್ಟಿ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ನೈಲಾನ್ ಪರದೆ ಬೇಕೇ ಬೇಕು. ಇಷ್ಟೆಲ್ಲ ಮಾಡಿದರೂ ಏಪ್ರಿಲ್-ಮೇನಲ್ಲಿ ನಾನಂತೂ ಬೈವೋಲ್ಟೈನ್ (ಬಿಳಿ ಗೂಡಿನ ಸೂಕ್ಷ್ಮ ತಳಿ) ಹುಳು ತರುವುದಿಲ್ಲ. ಆ ಎರಡು ತಿಂಗಳು ಗಿಡಕ್ಕೆ ಗೊಬ್ಬರ, ಮನೆಗೆ ರಿಪೇರಿ.

ಹುಳು ಬರುವ ಮೂರ್ನಾಲ್ಕು ದಿನ ಮೊದಲು ಮನೆ ತೊಳೆಯಿರಿ. 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ ಕಲಸಿ ಗೋಡೆ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ), ಸ್ಟ್ಯಾಂಡು ಎಲ್ಲಕ್ಕೂ ಸಿಂಪಡಿಸಿ. ಸಿಂಪಡಿಸುವವರಿಗೆ ಮಾಸ್ಕು, ಕೈಗವಸು ಕೊಡಿ. ಸುಮ್ನೆ ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು, ಕಣ್ಣು ಉರಿಯುತ್ತದೆ.

ಮೊಟ್ಟೆಯಿಂದಲೇ ಶುರು ಮಾಡುವ ಹಟ ಬೇಡ. ಚಾಕಿ ಅಂದರೆ ಮರಿ ಹುಳು. ಎರಡನೇ ಜ್ವರ ಎದ್ದ ಹುಳುವನ್ನು ಅವನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಬೆಳಗಿನ ತಂಪಿನಲ್ಲಿ ತನ್ನಿ. ಜ್ವರ ಅಂದರೆ ಕಾಯಿಲೆ ಅಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಒಟ್ಟು ನಾಲ್ಕು ಜ್ವರ. ಆಗ ಸೊಪ್ಪು ಹಾಕಬಾರದು. ಹೊಸಬರಿಗೆ ಇದೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸೊಪ್ಪು ಕೊಯ್ಯಲು ಬರುವ ಅವ್ವ ಮೊದಲ ದಿನವೇ ನನ್ನ ಕೈ ಹಿಡಿದರು: "ತಡೀರಿ ತಂಗಿ, ಹುಳ ಜ್ವರಕ್ಕ ಕುಂತಾವ." ಬಹುತೇಕ ಎಲ್ಲ ಹುಳು ಎದ್ದ ಮೇಲೆ ಹುಳುವಿನ ಹಾಸಿಗೆಗೆ ಹಾಕುವ ರೋಗನಾಶಕ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಿ.

ಕೈಗಳ ಲೆಕ್ಕ

ರೇಷ್ಮೆಯವರು 100 ಮೊಟ್ಟೆ ಅಂದರೆ 100 ಚಿಟ್ಟೆ ಇಟ್ಟ ಮೊಟ್ಟೆ. ಅಂದರೆ 40ರಿಂದ 50 ಸಾವಿರ ಹುಳು! ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಐದನೇ ಹಂತದ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲಿನ, ಏಳೆಂಟು ದಿನಗಳಲ್ಲೇ ಖಾಲಿಯಾಗುತ್ತದೆ. ಅಲ್ಲಿಯವರೆಗೆ ಮನೆಯ ಇಬ್ಬರು ಸಾಕು. ಆಮೇಲೆ ಸಾಲುವುದಿಲ್ಲ.

ಸೊಪ್ಪು ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಬಿಸಿಲೇರುವ ಮೊದಲೇ ಕೊಯ್ಲು ಮುಗಿಯಬೇಕಾದ್ದರಿಂದ ಅವರು ತಮ್ಮ ಮನೆಯ ರೊಟ್ಟಿ ಬಡಿದು ಆರಕ್ಕೆಲ್ಲ ಹೊಲದಲ್ಲಿರುತ್ತಾರೆ. ಡಿಸೆಂಬರ್-ಜನವರಿಯಲ್ಲಿ ಇದೇ ಕೈಗಳು ತೊಗರಿ ರಾಶಿಗೂ ಬೇಕು. ಬೇಸಿಗೆಯಲ್ಲಿ ಎಷ್ಟೋ ಮನೆಗಳು ಬೆಂಗಳೂರು, ಪುಣೆಗೆ ಗುಳೆ ಹೋಗಿರುತ್ತವೆ. ಆದ್ದರಿಂದ ಚಾಕಿಗೆ ಮುಂಗಡ ಕೊಡುವ ಮೊದಲು ಆಳುಗಳ ಹತ್ತಿರ ದಿನ ಮಾತಾಡಿಕೊಳ್ಳಿ. ಚಾಕಿ ಬಂದ 16–18 ದಿನಕ್ಕೆ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಗಿಡ ಕಡಿದ 60–65ನೇ ದಿನದ ಸೊಪ್ಪು ಐದನೇ ಹಂತಕ್ಕೆ ಸಿಗುವಂತೆ ಹಿಂದಕ್ಕೆ ಎಣಿಸಿ, ಕಡಿಯುವ ದಿನ ಗುರುತು ಹಾಕಿ.

ಹಣ್ಣಾದ ಹುಳು ಮೇವು ಬಿಡುತ್ತದೆ, ಮೈ ಕಾಜಿನಂತೆ ಹೊಳೆಯುತ್ತದೆ, ತಲೆ ಎತ್ತಿ ಜಾಗ ಹುಡುಕುತ್ತದೆ. ಒಮ್ಮೆಗೇ ಸಾವಿರಾರು ಹಣ್ಣಾಗುತ್ತವೆ. ತಡ ಮಾಡಿದರೆ ಸೊಪ್ಪಿನ ಕಡ್ಡಿಯಲ್ಲೇ ಗೂಡು ಕಟ್ಟಿ ನೂಲು ಹಾಳು. ಆರು ಅಡಿಗೆ ನಾಲ್ಕಡಿಯ ಒಂದು ಚಂದ್ರಿಕೆಗೆ ಸಾವಿರದಷ್ಟು ಹುಳು ಬಿಡಿ. ಒತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಜೋಡಿ ಗೂಡು ಕಟ್ಟುತ್ತವೆ, ಅದಕ್ಕೆ ಬೆಲೆ ಇಲ್ಲ. ಆ ರಾತ್ರಿ ಕೆಲಸ ಮಾಡಿದವರಿಗೆ ಊಟ, ಚಹಾ, ಹೆಚ್ಚಿನ ಕೂಲಿ ಕೊಡಲೇಬೇಕು. ಗೂಡು ಮಾರಿದ ಮೇಲೆ ಕೊಡುತ್ತೇವೆ ಅನ್ನುವ ಉದ್ರಿ ಮಾತು ನನಗೆ ಸರಿ ಕಾಣುವುದಿಲ್ಲ.

ಗೂಡು ಬಿಡಿಸುವುದು ಆರೇಳನೇ ದಿನ. ಕಲೆಯಾದದ್ದು, ತೆಳುವಾದದ್ದು, ಜೋಡಿ ಗೂಡು ಬೇರೆ ಮಾಡಿ. ಚೀಲಕ್ಕೆ ಸಡಿಲವಾಗಿ ತುಂಬಿ, ರಾತ್ರಿಯ ತಂಪಿನಲ್ಲೇ ಸಾಗಿಸಿ. ರಾಮನಗರದಂಥ ದೊಡ್ಡ ಮಾರುಕಟ್ಟೆಗೆ ನಮ್ಮಲ್ಲಿಂದ ಒಂದಿಡೀ ರಾತ್ರಿಯ ಹಾದಿ. ಅಲ್ಲಿಂದ ಮುಂದಿನದು ರೀಲರ್‌ಗಳ ಕೆಲಸ. ಬಿಸಿನೀರಿನಲ್ಲಿ ಕೈಯಿಟ್ಟು ಒಂದೊಂದು ಗೂಡಿನಿಂದ ಸಾವಿರ ಮೀಟರಿನಷ್ಟು ಎಳೆ ಬಿಚ್ಚುವವರು ಬೇರೆಯೇ ಜನ.

ಮಾರಿ ಬಂದ ಬೆಳಗ್ಗೆ ಸೊಪ್ಪಿನ ಅವ್ವ ಅಂಗಳದಲ್ಲೇ ಕಾದಿದ್ದರು. ಅವರ ಕೂಲಿ ಆಗಲೇ ಮುಟ್ಟಿತ್ತು. ಆದರೂ ಕೇಳಿದರು: "ನಮ್ಮ ಗೂಡು ಕಿಲೋಕ್ಕ ಎಷ್ಟು ಹೋತ್ರಿ?"