ಮೂರು ಅಳತೆ ಹಿಟ್ಟು ಅಂದರೆ ಎಷ್ಟು?

ಸಂಡೇ ಸ್ಕೂಲಿನಲ್ಲಿ ಯೇಸುವಿನ ಸಾಮ್ಯಗಳನ್ನು, ಅಂದರೆ ಅವನು ಹೇಳಿದ ಉಪಮೆಯ ಕಥೆಗಳನ್ನು, ಹೇಳಿಕೊಡುವಾಗ ನಾನು ಮೊದಲೆಲ್ಲ ಕಥೆ ಓದಿ ಸೀದಾ ಅರ್ಥಕ್ಕೆ ಹೋಗಿಬಿಡುತ್ತಿದ್ದೆ. ಹುಳಿಹಿಟ್ಟಿನ ಸಾಮ್ಯವನ್ನೇ ತಗೊಳ್ಳಿ, ಬೈಬಲಿನ ಮತ್ತಾಯ 13:33. ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿಗೆ ಹುಳಿ ಸೇರಿಸಿಟ್ಟಳು, ಅಷ್ಟೂ ಹುಳಿಯಾಯಿತು. ದೇವರ ರಾಜ್ಯ ಸದ್ದಿಲ್ಲದೆ ಹರಡುತ್ತದೆ ಅಂತ ಹೇಳಿ ಮುಗಿಸುತ್ತಿದ್ದೆ. ಒಂದು ಭಾನುವಾರ ಒಬ್ಬ ಹುಡುಗಿ, "ಟೀಚರ್, ಮೂರು ಅಳತೆ ಅಂದ್ರೆ ಮೂರು ಲೋಟಾನಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಹುಡುಕಿದೆ. ಗ್ರೀಕ್ ಮೂಲದಲ್ಲಿರುವ ಆ ಅಳತೆ ಯೆಹೂದ್ಯರ 'ಸೆಯಾ'. ಒಂದು ಸೆಯಾ ಸುಮಾರು 13 ಲೀಟರ್, ಮೂರಕ್ಕೆ ಹತ್ತಿರ ಹತ್ತಿರ 40! ಮುಂದಿನ ವಾರ ಎರಡು ನೀರಿನ ಕ್ಯಾನ್ ತಂದು ಮೇಜಿನ ಮೇಲಿಟ್ಟು, ಇಷ್ಟು ಹಿಟ್ಟು, ಒಬ್ಬಳೇ ಹೆಂಗಸು ನಾದಿದ್ದು ಅಂದೆ. "ಮದುವೆ ಮನೇನಾ?" ಅಂದ ಒಬ್ಬ ಹುಡುಗ. ಸರಿಯಾಗಿ ಹಿಡಿದಿದ್ದ, ನೂರು ಜನ ಕೂತು ಉಣ್ಣುವಷ್ಟು ರೊಟ್ಟಿ ಅದು. ಆದಿಕಾಂಡ 18ರಲ್ಲಿ ಮೂವರು ಅತಿಥಿಗಳು ಬಂದಾಗ ಅಬ್ರಹಾಮನು ಹೆಂಡತಿ ಸಾರಳಿಗೆ ನಾದು ಅಂದದ್ದೂ ಇದೇ ಮೂರು ಸೆಯಾ. ಆ ಕಥೆ ಕೇಳಿಕೊಂಡೇ ಬೆಳೆದ ಜನಕ್ಕೆ ಅದು ನೆನಪಾಗದೆ ಇರುತ್ತಾ?

ಅವತ್ತಿನಿಂದ ಸಾಮ್ಯ ಓದುವಾಗ ಕೂಲಿ, ದೂರ, ಅಳತೆ, ಸಾಲ ಏನೇ ಬಂದರೂ ಮೊದಲು ಪೆನ್ಸಿಲಿನಲ್ಲಿ ಗುರುತು ಮಾಡುತ್ತೇನೆ. ಅರ್ಥ ಆಮೇಲೆ. ಆದರೆ ಹಿನ್ನೆಲೆ ಅಂತ ಯಾರು ಏನು ಹೇಳಿದರೂ ನಂಬಬಾರದು. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಅಂತ ಯೇಸು ಹೇಳಿದ್ದಾನಲ್ಲ, ಆ ಸೂಜಿಯ ಕಣ್ಣು ಅಂದರೆ ಯೆರೂಸಲೇಮಿನಲ್ಲಿದ್ದ ಒಂದು ಸಣ್ಣ ಬಾಗಿಲು, ಒಂಟೆ ಮಂಡಿಯೂರಿ ನುಸುಳುತ್ತಿತ್ತು ಅಂತ ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಅನ್ನುವುದಕ್ಕೆ ಪುರಾವೆಯೇ ಇಲ್ಲ. ಆ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನಲ್ಲ ಅನ್ನುವ ಸಂಕಟ ಇನ್ನೂ ಇದೆ.

ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಮತ್ತಾಯ 18ರ ಸಾಲಗಾರ. ಅವನೊಬ್ಬ ಆಳು, ರಾಜನಿಗೆ ಅವನು ಕೊಡಬೇಕಿದ್ದ ಸಾಲ 10,000 ತಲಾಂತು. ತಲಾಂತು ಅಂದರೆ ಆ ಕಾಲದಲ್ಲಿ ಹಣ ಲೆಕ್ಕ ಹಾಕುತ್ತಿದ್ದ ಒಂದು ದೊಡ್ಡ ಅಳತೆ. ಯೇಸುವಿನ ಕಾಲದಲ್ಲಿ ಆಳುತ್ತಿದ್ದ ಹೆರೋದ ಅಂತಿಪನಿಗೆ ಗಲಿಲಾಯ, ಪೆರಾಯ ಎರಡೂ ಪ್ರಾಂತ್ಯ ಸೇರಿ ವರ್ಷಕ್ಕೆ ಬರುತ್ತಿದ್ದ ಆದಾಯ 200 ತಲಾಂತು ಅಂತ ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಒಬ್ಬ ಆಳಿನ ತಲೆಯ ಮೇಲೆ ರಾಜ್ಯದ 50 ವರ್ಷದ ಆದಾಯ! ರಾಜ ಅದನ್ನು ಬಿಟ್ಟುಬಿಟ್ಟ. ಅದೇ ಆಳು ತನಗೆ ಬರಬೇಕಿದ್ದ 100 ದೆನಾರಿಗಾಗಿ (ದೆನಾರಿ ಅಂದರೆ ರೋಮಿನ ಬೆಳ್ಳಿ ನಾಣ್ಯ) ಜೊತೆಯ ಆಳಿನ ಕುತ್ತಿಗೆ ಹಿಡಿದ. ಆ 100 ದೆನಾರಿಯನ್ನು ನಾನು ಯಾವಾಗಲೂ ಚಿಲ್ಲರೆ ಕಾಸು ಅಂತಲೇ ಹೇಳುತ್ತಿದ್ದೆ. ಆದರೆ ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯದಲ್ಲಿ ಒಂದು ದೆನಾರಿ ಅಂದರೆ ಇಡೀ ದಿನದ ಕೂಲಿ. ನೂರು ದಿನದ ಕೂಲಿ ಚಿಲ್ಲರೆ ಅಲ್ಲ, ಅಲ್ವಾ?

ಸ್ತ್ರೀಯರ ಕೂಟದಲ್ಲಿ ಈ ಲೆಕ್ಕ ಹೇಳಿದಾಗ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಅಕ್ಕ ಬೆರಳು ಮಡಚಿ ಎಣಿಸಿದರು. "ಮೂರು ತಿಂಗಳ ಸಂಬಳಕ್ಕಿಂತ ಮೇಲೇ ಆಯ್ತು ಸಿಸ್ಟರ್. ಅಷ್ಟು ಬಿಡೋಕೆ ನನ್ನ ಕೈಲಿ ಆಗುತ್ತಾ?" ಅಂದರು. ಅವತ್ತು ಮುಂದಿನ ವಚನಕ್ಕೆ ನಾವು ಹೋಗಲೇ ಇಲ್ಲ.