ಕೈಕಟ್ಟಿದ ಹೋಸ್ಟಿಂಗ್‌ನಲ್ಲಿ ನನ್ನದೇ 404 ಪುಟ

ಹಳೆಯ ಲೇಖನಗಳನ್ನು ಹೊಸ ಫೋಲ್ಡರ್‌ಗಳಿಗೆ ಸಾಗಿಸಿದ ಮೇಲೆ, ಹಳೆಯ ಕೊಂಡಿ ಒತ್ತಿ ಬಂದವರಿಗೆ ನನ್ನ ಸೈಟ್‌ನಲ್ಲಿ ಕಾಣುತ್ತಿದ್ದುದು ಬಿಳಿ ಪುಟದ ಮೇಲೆ ದಪ್ಪಕ್ಷರದ 'ನಾಟ್ ಫೌಂಡ್' ಮಾತ್ರ. ಕೇಳಿದ ಪುಟ ಸಿಗದಾಗ ಸರ್ವರ್ ಕಳಿಸುವ ಸಂಕೇತವೇ 404. ಓದಬೇಕೆಂದು ಹುಡುಕಿಕೊಂಡು ಬಂದವರಿಗೆ ಇಷ್ಟೇ ಹೇಳಿ ಕಳಿಸುವುದು ನನಗೆ ಸರಿಬರಲಿಲ್ಲ. ಸರ್ವರ್ ತಂತ್ರಾಂಶ ಏನೋ ಅಪಾಚೆ, ಆದರೆ ಒಂದೇ ಸರ್ವರ್‌ನಲ್ಲಿ ಹಲವರ ಸೈಟ್‌ಗಳಿರುವ ಶೇರ್ಡ್ ಹೋಸ್ಟಿಂಗ್. ಮುಖ್ಯ ಕಾನ್ಫಿಗರೇಶನ್ ನಮ್ಮ ಕೈಗೆ ಸಿಗದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎರರ್ ಪೇಜ್ ಎಂಬ ಆಯ್ಕೆಯೇ ಇರಲಿಲ್ಲ. ಉಳಿದದ್ದು ಫೋಲ್ಡರ್‌ನೊಳಗೇ ಇಟ್ಟು ಸರ್ವರ್‌ಗೆ ಆದೇಶ ಕೊಡುವ ಡಾಟ್ ಎಚ್‌ಟಿಆಕ್ಸೆಸ್ (.htaccess) ಫೈಲ್ ಒಂದೇ.

ಅದನ್ನು ಸರ್ವರ್ ಓದುತ್ತದೆಯೇ ಎಂಬುದು ಮೊದಲು ಗೊತ್ತಾಗಬೇಕು. ಅಪಾಚೆ 2.4ರಲ್ಲಿ 'ಅಲೋಓವರ್‌ರೈಡ್' ಎಂಬ ಸೆಟ್ಟಿಂಗ್ ಮೂಲತಃ 'ನನ್' (None, ಯಾವುದಕ್ಕೂ ಅನುಮತಿ ಇಲ್ಲ) ಆಗಿರುತ್ತದೆ. ಹೋಸ್ಟ್‌ನವರು ತಾವಾಗಿ ತೆರೆದುಕೊಡದಿದ್ದರೆ ಈ ಫೈಲಿನತ್ತ ಸರ್ವರ್ ಕಣ್ಣೆತ್ತಿಯೂ ನೋಡುವುದಿಲ್ಲ. ಪ್ರಯೋಗಕ್ಕೆಂದು ಬೇರೆ ಫೋಲ್ಡರ್ ಮಾಡಿ, ಅರ್ಥವಿಲ್ಲದ ಒಂದು ಪದ ಬರೆದ ಡಾಟ್ ಎಚ್‌ಟಿಆಕ್ಸೆಸ್ ಅದರಲ್ಲಿಟ್ಟೆ. ಫೋಲ್ಡರ್ ತೆರೆದಾಗ 500 ದೋಷ (ಸರ್ವರ್‌ನೊಳಗೇ ತೊಂದರೆ ಎಂಬ ಸಂಕೇತ) ಬಂದರೆ ಫೈಲನ್ನು ಓದುತ್ತಿದೆ ಎಂದರ್ಥ, ಏನೂ ಆಗದಿದ್ದರೆ ಈ ದಾರಿ ಮುಚ್ಚಿದೆ. ನನಗೆ 500 ಬಂತು. (ಚುಕ್ಕೆಯಿಂದ ಶುರುವಾಗುವ ಫೈಲ್‌ಗಳನ್ನು ಎಷ್ಟೋ ಎಫ್‌ಟಿಪಿ ತಂತ್ರಾಂಶಗಳು ತೋರಿಸುವುದೇ ಇಲ್ಲ. ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ.)

ಆ ಪದ ಅಳಿಸಿ, 404 ಆದಾಗ ನಮ್ಮ ಪುಟ ತೋರಿಸು ಎನ್ನುವ, ಎಲ್ಲರೂ ಹೇಳುವ 'ಎರರ್‌ಡಾಕ್ಯುಮೆಂಟ್ 404' ಸಾಲು ಹಾಕಿದೆ. ಮತ್ತೆ 500. ಸರ್ವರ್ ತನ್ನ ದೋಷಗಳನ್ನು ಬರೆದಿಡುವ ಎರರ್ ಲಾಗ್ ತೆಗೆದರೆ ಕಾರಣ ಅಲ್ಲೇ ಇತ್ತು: 'ಎರರ್‌ಡಾಕ್ಯುಮೆಂಟ್ ನಾಟ್ ಅಲೋಡ್ ಹಿಯರ್'. ಸಾಲು ಸರಿಯಾಗಿಯೇ ಇತ್ತು, ಅದಕ್ಕೆ ಅನುಮತಿ ಇರಲಿಲ್ಲ.

ಆಗ ಅಪಾಚೆಯ ಕೈಪಿಡಿಯನ್ನು ಬೇರೆ ರೀತಿಯಲ್ಲಿ ಓದತೊಡಗಿದೆ. ಡಾಟ್ ಎಚ್‌ಟಿಆಕ್ಸೆಸ್‌ನಲ್ಲಿ ಬಳಸಬಹುದಾದ ಪ್ರತಿ ಆದೇಶದ ವಿವರಣೆಯ ಮೇಲ್ಭಾಗದಲ್ಲಿ 'ಓವರ್‌ರೈಡ್' ಎಂಬ ಸಾಲಿರುತ್ತದೆ. ಆ ಆದೇಶ ಯಾವ ಅನುಮತಿಯ ಗುಂಪಿಗೆ ಸೇರಿದೆ ಎಂದು ಅದು ತಿಳಿಸುತ್ತದೆ. ಎರರ್‌ಡಾಕ್ಯುಮೆಂಟ್, ಬೇರೆ ವಿಳಾಸಕ್ಕೆ ಕಳಿಸುವ ರೀಡೈರೆಕ್ಟ್, ವಿಳಾಸವನ್ನು ಬದಲಿಸುವ ರೀರೈಟ್‌ರೂಲ್ ಎಲ್ಲವೂ 'ಫೈಲ್‌ಇನ್ಫೋ' ಗುಂಪಿನವು. ಒಂದಕ್ಕೆ ತಡೆಯಿದ್ದರೆ ಸಾಮಾನ್ಯವಾಗಿ ಮೂರಕ್ಕೂ ತಡೆ. ಆದರೆ ನನ್ನ ಖಾತೆಯಲ್ಲಿ, ಫೋಲ್ಡರ್ ತೆರೆದಾಗ ಯಾವ ಪುಟ ತೋರಿಸಬೇಕೆಂದು ಹೇಳುವ 'ಡೈರೆಕ್ಟರಿಇಂಡೆಕ್ಸ್' ತಕರಾರಿಲ್ಲದೆ ನಡೆಯುತ್ತಿತ್ತು. ಅದು 'ಇಂಡೆಕ್ಸಸ್' ಗುಂಪಿನದು. ಅದೇ ಗುಂಪಿನಲ್ಲಿ 'ಫಾಲ್‌ಬ್ಯಾಕ್‌ರಿಸೋರ್ಸ್' ಎಂಬ ಆದೇಶವೂ ಇದೆ. ಕೇಳಿದ ವಿಳಾಸದಲ್ಲಿ ಫೈಲ್ ಇಲ್ಲದಿದ್ದರೆ ನಾವು ಹೇಳಿದ ಪುಟವನ್ನು ಕೊಡುವುದೇ ಅದರ ಕೆಲಸ. ಅದರ ಮುಂದೆ ನನ್ನ ಪುಟದ ದಾರಿಯನ್ನು ಓರೆಗೆರೆಯಿಂದ (/) ಶುರುಮಾಡಿ ಬರೆದೆ. ಪುಟ ಬಂತು.

ಬಂತು ನಿಜ, ಆದರೆ 200 ಎಂಬ ಸಂಕೇತದೊಂದಿಗೆ ಬಂತು. 'ಸಿಗಲಿಲ್ಲ' ಎಂದು ಬರೆದಿರುವ ಪುಟವನ್ನೇ ಸರ್ವರ್ 'ಸಿಕ್ಕಿತು' ಎಂದು ಕಳಿಸುತ್ತಿತ್ತು. ನೋಡುವ ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಸರ್ಚ್ ಎಂಜಿನ್‌ಗೆ ಗೊಂದಲವಾಗುತ್ತದೆ. ಗೂಗಲ್ ಇಂಥದ್ದನ್ನು 'ಸಾಫ್ಟ್ 404' ಎಂದು ಕರೆಯುತ್ತದೆ. ಎರರ್‌ಡಾಕ್ಯುಮೆಂಟ್‌ಗೆ ಅನುಮತಿ ಇರುವವರೂ ಇಲ್ಲೊಂದು ಎಚ್ಚರ ವಹಿಸಬೇಕು: ಅದರಲ್ಲಿ ಎಚ್‌ಟಿಟಿಪಿಯಿಂದ ಶುರುವಾಗುವ ಪೂರ್ತಿ ವಿಳಾಸ ಕೊಟ್ಟರೆ ಅಪಾಚೆ 404ರ ಬದಲು ರೀಡೈರೆಕ್ಟ್ ಕಳಿಸುತ್ತದೆ, ನಿಜವಾದ ಸಂಕೇತ ಕಳೆದುಹೋಗುತ್ತದೆ. ಚಂದದ ಪುಟಕ್ಕಿಂತ ಈ ಮೂರಂಕಿ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ಎಚ್‌ಟಿಎಂಎಲ್ ಪುಟವನ್ನು ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಪ್ರೋಗ್ರಾಂ ಮಾಡಿ, ಮೊದಲ ಸಾಲಲ್ಲೇ 404 ಸಂಕೇತ ಕಳಿಸುವ ಫಂಕ್ಷನ್ ಕರೆದೆ. ಆ ಸಾಲಿಗಿಂತ ಮೊದಲು ಒಂದು ಖಾಲಿ ಜಾಗ ಹೊರಬಿದ್ದರೂ ಸಂಕೇತ ಹೋಗದಿರಬಹುದು. ಕನ್ನಡದಲ್ಲಿ ಪುಟ ಬರೆಯುವವರು ಫೈಲನ್ನು ಯುಟಿಎಫ್-8ರಲ್ಲಿ ಉಳಿಸುವಾಗ 'ಬಾಮ್ ಇಲ್ಲದೆ' ಎಂಬ ಆಯ್ಕೆಯನ್ನೇ ಆರಿಸಬೇಕು. ಬಾಮ್ ಎಂದರೆ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದೆ ಕೂರುವ ಮೂರು ಬೈಟ್.

ಪಿಎಚ್‌ಪಿ ಕೈಗೆ ಬಂದದ್ದರಿಂದ ನಾನು ನಿರೀಕ್ಷಿಸದ ಲಾಭವೂ ಆಯಿತು. ಓದುಗರು ಕೇಳಿದ ಮೂಲ ವಿಳಾಸ ಪಿಎಚ್‌ಪಿಗೆ 'ರಿಕ್ವೆಸ್ಟ್ ಯುಆರ್‌ಐ' ಎಂಬ ಹೆಸರಿನಲ್ಲಿ ಹಾಗೇ ಸಿಗುತ್ತದೆ. ಹಳೆಯ ವಿಳಾಸ, ಹೊಸ ವಿಳಾಸಗಳ ಪಟ್ಟಿಯೊಂದನ್ನು ಆ ಪುಟದೊಳಗೇ ಇಟ್ಟೆ. ಕೇಳಿದ್ದು ಪಟ್ಟಿಯಲ್ಲಿದ್ದರೆ 301 (ಶಾಶ್ವತವಾಗಿ ಸ್ಥಳ ಬದಲಾಗಿದೆ ಎಂಬ ಸಂಕೇತ) ಕೊಟ್ಟು ಹೊಸ ಜಾಗಕ್ಕೆ ಕಳಿಸುತ್ತದೆ, ಇಲ್ಲದಿದ್ದರೆ ಮಾತ್ರ 404. ರೀಡೈರೆಕ್ಟ್ ಆದೇಶಕ್ಕೆ ಅನುಮತಿ ಇಲ್ಲದ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಕೇಳಿದ ವಿಳಾಸವನ್ನು ಪುಟದಲ್ಲಿ ತೋರಿಸುವುದಾದರೆ ಎಚ್‌ಟಿಎಂಎಲ್ ಎಸ್ಕೇಪ್ ಮಾಡದೆ (ಅದರ ವಿಶೇಷ ಚಿಹ್ನೆಗಳನ್ನು ಬರಿಯ ಅಕ್ಷರಗಳಾಗಿಸದೆ) ತೋರಿಸಬೇಡಿ, ಯಾರಾದರೂ ವಿಳಾಸದ ಮೂಲಕ ಸ್ಕ್ರಿಪ್ಟ್ ನುಗ್ಗಿಸಬಹುದು.

ಸ್ಟೈಲ್‌ಶೀಟ್, ಚಿತ್ರ, ಮುಖಪುಟದ ಕೊಂಡಿ ಎಲ್ಲವನ್ನೂ ಓರೆಗೆರೆಯಿಂದಲೇ ಶುರುಮಾಡಿದ್ದೇನೆ. ಬ್ರೌಸರ್‌ಗೆ ಕಾಣುವುದು ಓದುಗರು ಒತ್ತಿದ ವಿಳಾಸ. ಅದು ನಾಲ್ಕು ಫೋಲ್ಡರ್ ಆಳದಲ್ಲಿದ್ದರೆ ಬ್ರೌಸರ್ ಸ್ಟೈಲ್‌ಶೀಟನ್ನೂ ಅಲ್ಲೇ ಹುಡುಕುತ್ತದೆ.

ಕೊನೆಗೆ 'ಕರ್ಲ್' ಎಂಬ ಕಮಾಂಡ್ ಬಳಸಿ, ಸಂಕೇತವಿರುವ ಹೆಡರ್‌ಗಳನ್ನಷ್ಟೇ ತರಿಸಿ ನೋಡಿದೆ: ಇಲ್ಲದ ವಿಳಾಸಕ್ಕೆ 404, ಸ್ಥಳ ಬದಲಿಸಿದ ಲೇಖನಕ್ಕೆ 301, ಇರುವ ಪುಟಕ್ಕೆ 200. 403 (ಪ್ರವೇಶವಿಲ್ಲ) ಮತ್ತು 500 ಈಗಲೂ ಹೋಸ್ಟ್‌ನವರ ಪುಟಗಳೇ, ಫಾಲ್‌ಬ್ಯಾಕ್‌ರಿಸೋರ್ಸ್ ಅವುಗಳ ತಂಟೆಗೆ ಹೋಗುವುದಿಲ್ಲ. ಆ ಎರಡಕ್ಕೂ ನನ್ನ ಪುಟ ಹಾಕಲು ಎರರ್‌ಡಾಕ್ಯುಮೆಂಟ್‌ಗೆ ಅನುಮತಿ ಕೊಡಿ ಎಂದು ಹೋಸ್ಟ್‌ನವರಿಗೆ ಬರೆದಿದ್ದೇನೆ, ಲಾಗ್‌ನ ಆ ಸಾಲನ್ನೂ ಜೊತೆಗೆ ಕಳಿಸಿದ್ದೇನೆ.